ಆ ಧ್ವನಿ ಯಾರದೆಂದು ನನಗೆ ಗೊತ್ತಿತ್ತು

ಅದು ಕೈತಪ್ಪಿ ಆದದ್ದಲ್ಲ. ಇಷ್ಟು ವರ್ಷ ಕೇಳಿದವರಿಗೆಲ್ಲ ಹಾಗೆಂದೇ ಹೇಳಿಕೊಂಡು ಬಂದಿದ್ದೇನೆ — ಲಕ್ಷ್ಯ ಇರಲಿಲ್ಲ, ಹೊಳೆಯಲಿಲ್ಲ, ವಯಸ್ಸೂ ಚಿಕ್ಕದಿತ್ತು ಎಂದು. ಎಲ್ಲ ಸುಳ್ಳು. ಒಬ್ಬ ಹೆಣ್ಣುಮಗಳು ನನ್ನೊಬ್ಬಳನ್ನೇ ನಂಬಿ ಹೇಳಿದ ಮಾತನ್ನು, ಆಕೆಯೂ ಆಕೆಯ ಜೊತೆಗಾರ್ತಿಯರೂ ಕೂತಿದ್ದ ಕೋಣೆಯಲ್ಲಿ, ಆಕೆಯದೇ ಧ್ವನಿಯಲ್ಲಿ ಎಲ್ಲರಿಗೂ ಕೇಳಿಸಿದವಳು ನಾನು. ಕೇಳಿದವರಿಗೆ ಗುರುತು ಹತ್ತುತ್ತದೆ ಎಂಬುದು ನನಗೆ ಮೊದಲೇ ಗೊತ್ತಿತ್ತು.

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಿನವರು ಕರೆಯುತ್ತಿದ್ದ ಹಾಗೆ ನರ್ಸಬಾಯಿ ಎನ್ನುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಳಗಾವಿಯ ಒಂದು ಆರೋಗ್ಯ ತರಬೇತಿ ಕೇಂದ್ರದಲ್ಲಿ ನಾನು ಪಾಠ ಹೇಳುತ್ತಿದ್ದೆ. ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ, ಕೂಸುಗಳಿಗೆ ಲಸಿಕೆ ಹಾಕುವ ನರ್ಸುಗಳನ್ನು ಆಗಾಗ ಹದಿನೈದು ದಿನ ಕರೆಸಿ, ಕಲಿತದ್ದನ್ನೇ ಮತ್ತೆ ಕಲಿಸುವುದು ನಮ್ಮ ಕೆಲಸ. ಕೈ ತೊಳೆಯುವುದು ಹೇಗೆ, ಹೊಕ್ಕುಳಬಳ್ಳಿ ಕತ್ತರಿಸುವುದು ಹೇಗೆ, ರಕ್ತ ಹೋಗುವುದನ್ನು ನಿಲ್ಲಿಸುವುದು ಹೇಗೆ — ವರ್ಷವೂ ಅದೇ ಪಾಠ, ಕೊನೆಗೆ ಅದೇ ಪರೀಕ್ಷೆ. ಅವರು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆಯುತ್ತಿದ್ದರು. ಊರಿಗೆ ಹೋದ ಮೇಲೆ ಏನೂ ಬದಲಾಗುತ್ತಿರಲಿಲ್ಲ.

ನಮ್ಮ ಕೇಂದ್ರದ ಮುಖ್ಯಸ್ಥರಾಗಿದ್ದ ಡಾಕ್ಟರರಿಗೆ ಇದು ಬೇಸರ ತಂದಿತ್ತು. ಒಂದು ದಿನ ನನ್ನನ್ನು ಕರೆದು, "ಅಂಕಿ-ಸಂಖ್ಯೆ ಸಾಕಮ್ಮ. ಅವರಿಗೆ ಏನು ಅಡ್ಡ ಬರುತ್ತದೆ ಅನ್ನುವುದನ್ನು ಅವರ ಬಾಯಿಂದಲೇ ಕೇಳಿಕೊಂಡು ಬಾ" ಎಂದರು. ಕೇಳುವ ಕ್ರಮವನ್ನೂ ಅವರೇ ಕಲಿಸಿದರು. ಹೌದು-ಅಲ್ಲ ಎಂದು ಮುಗಿದುಹೋಗುವ ಪ್ರಶ್ನೆ ಕೇಳಬಾರದು. ಮಾತು ನಡುವೆ ತುಂಡರಿಸಬಾರದು. ಎದುರಿನವರು ಸುಮ್ಮನಾದರೆ ನಾವೂ ಸುಮ್ಮನಿದ್ದು ಕಾಯಬೇಕು. ತಪ್ಪು-ಸರಿ ಹೇಳಬಾರದು. ಅವರ ಮಾತನ್ನು ತಿದ್ದದೆ ಇದ್ದದ್ದು ಇದ್ದ ಹಾಗೆ ಇಳಿಸಿಕೊಳ್ಳಬೇಕು. ಯಾರು ಹೇಳಿದರು ಎಂಬುದು ಮಾತ್ರ ಯಾರಿಗೂ ತಿಳಿಯಬಾರದು.

ನಾನು ಬೇಗ ಕಲಿತೆ. ಬೆಳಗಾವಿಯ ಖಾಸಬಾಗ ಓಣಿಯ ನಮ್ಮ ಮನೆಯ ಕಟ್ಟೆಗೆ ಸಂಜೆ ಬಂದು ಕೂಡುತ್ತಿದ್ದ ಹೆಂಗಸರು ಅತ್ತೆ-ಸೊಸೆಯರ ಗುಟ್ಟುಗಳನ್ನೆಲ್ಲ ನನ್ನ ಮುಂದೆ ಹೇಳಿಕೊಳ್ಳುತ್ತಿದ್ದರು. ಕೇಳುವ ಮುಖ ನನ್ನದು ಎಂದು ಅವ್ವ ನಗುತ್ತಿದ್ದಳು. ಆ ಮುಖವೇ ಈಗ ನನ್ನ ವಿದ್ಯೆಯಾಯಿತು, ನನಗೆ ಅದರ ಸೊಕ್ಕೂ ಇತ್ತು.

ಚೀಲದಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೆಂಪು ಬಸ್ಸು ಹತ್ತಿ ಖಾನಾಪುರ ತಾಲೂಕು ಸುತ್ತಿದೆ. ನರ್ಸಬಾಯಿ ಇದ್ದದ್ದು ಬೀಡಿ ಎಂಬ ಊರಿನ ಸುತ್ತಿನ ಒಂದು ಹಳ್ಳಿಯಲ್ಲಿ, ಅಷ್ಟು ಹೇಳಿದರೆ ಸಾಕು. ಕುರಿ ಕಾಯುವವರ ಮನೆತನದಲ್ಲಿ ಹುಟ್ಟಿ, ಆ ಮನೆಯಲ್ಲಿ ಮೊದಲು ಸಾಲಿ ಕಲಿತು ನೌಕರಿ ಹಿಡಿದವಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಸರಕಾರ ಕೊಟ್ಟ ಒಂದೇ ಕೋಣೆಯಲ್ಲಿ ಒಬ್ಬಳೇ ಇರುತ್ತಿದ್ದಳು. ಮೊದಲ ಸಲ ಹೋದಾಗ ನನ್ನನ್ನು ತಪಾಸಣೆಗೆ ಬಂದವಳೆಂದು ತಿಳಿದು, "ಎಲ್ಲಾ ಬರೋಬ್ಬರಿ ಐತ್ರಿ ಅಕ್ಕಾರ" ಎಂದು ರಿಜಿಸ್ಟರು ತಂದಿಟ್ಟಳು. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ನಾನು ರಿಜಿಸ್ಟರು ಮುಟ್ಟಲಿಲ್ಲ. ಆಕೆಯ ಜೊತೆ ನೆಲದ ಮೇಲೆ ಕೂತು ಮೆಂತ್ಯಪಲ್ಯದ ಎಲೆ ಬಿಡಿಸಿ ಸೋಸಿಕೊಟ್ಟೆ. ಜೋಳದ ಭಕ್ಕರಿ ಬಡಿಯುತ್ತ ಬಡಿಯುತ್ತ ಆಕೆ ಸಡಿಲಾದಳು.

ಊಟವಾದ ಮೇಲೆ ಟೇಪ್ ರೆಕಾರ್ಡರ್ ತೋರಿಸಿ ಕೇಳಿದಳು: "ಇದು ಯಾರ್ ಯಾರ ಕಿವಿಗೆ ಹೋಗತೈತ್ರಿ?"

"ನಿಮ್ಮ ಹೆಸರ ಎಲ್ಲೂ ಬರಂಗಿಲ್ರಿ. ಈ ದನಿ ನನ್ನ ಕಿವಿ ಬಿಟ್ಟ ಬ್ಯಾರೇದವ್ರ ಕಿವಿಗೆ ಬೀಳಂಗಿಲ್ಲ" ಎಂದೆ. ಹಾಗೆನ್ನುವಾಗ ಆ ಮಾತು ಖರೆಯೇ ಆಗಿತ್ತು ಎಂದು ನಂಬಿದ್ದೇನೆ. ಅದನ್ನಾದರೂ ನಂಬುತ್ತೇನೆ.

ಹೆರಿಗೆಗೆ ಕರೆದಾಗ ಹೋಗಲಾಗದ ದಿನ ಯಾವುದಾದರೂ ಇತ್ತೇ ಎಂದು ಕೇಳಿದೆ. ಆಕೆ ಸುಮ್ಮನಾದಳು. ನಾನೂ ಸುಮ್ಮನಾದೆ — ಕಲಿಸಿದ ಹಾಗೆ. ಹೊರಗೆ ಯಾರದೋ ಕೋಳಿ ಅಂಗಳ ಕೆದರುತ್ತಿತ್ತು. ಕೊನೆಗೆ ಆಕೆಯೇ ಬಾಯಿ ತೆರೆದಳು.

"ಖರೇ ಹೇಳ್ತೀನ್ರಿ ಅಕ್ಕಾರ. ಬ್ಯಾನಿ ತಿನ್ನಾಕತ್ತಾಳ, ಬರ್ರಿ ಅಂತ ಕರ್ಯಾಕ ಬಂದಾಂವ ಅವಳ ಮೈದುನಾರೀ. ಅವನ ಹಿಂದ ಅಡವ್ಯಾಗ ಎರಡ ಮೈಲ ನಡೀಬೇಕು. ಹೋದ ಸಲ ಹಾದ್ಯಾಗ ಅಂವ ನನ್ನ ಕೈ ಹಿಡದಿದ್ದ. ಬಿಡಿಸ್ಕೊಂಡ ಓಡಿ ಬಂದಿದ್ದೆ. ಈ ಸಲ ಮತ್ತ ಅವನ ಬಂದಾನ. ಜ್ವರಾ ಬಂದಾವು ಅಂತ ಹೇಳಿ ಬಾಗ್ಲಾ ಹಾಕ್ಕೊಂಡ ಕುಂತೆ. ರಿಜಿಸ್ಟರದಾಗೂ ಜ್ವರಾ ಅಂತ ಬರದೆ. ಆ ಹೆಣ್ಮಗಳು ಉಳದ್ಲು. ಕೂಸ ಉಳೀಲಿಲ್ಲ." ನನ್ನ ಮುಖ ನೋಡಿ ಕೇಳಿದಳು: "ಅದು ನನ್ನ ತಪ್ಪ ಏನ್ರೀ?"

ಅದು ಪ್ರಶ್ನೆ. ನನ್ನನ್ನೇ ಕೇಳಿದ ಪ್ರಶ್ನೆ. ಅಲ್ಲ ಎಂದು ಹೇಳಲು ನಾಲಿಗೆಗೆ ಎಷ್ಟು ಹೊತ್ತು ಬೇಕು? ತಪ್ಪು-ಸರಿ ಹೇಳಬಾರದೆಂಬ ಪಾಠ ನೆನಪಾಗಿ ನಾನು ತಲೆ ತೂಗಿದೆ, ಅಷ್ಟೇ. ಒಳಗೊಳಗೇ ಕುಣಿಯುತ್ತಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ. ವರ್ಷಗಟ್ಟಲೆ ನಾವು ಹೊಕ್ಕುಳಬಳ್ಳಿಯ ಪಾಠ ಹೇಳುತ್ತಿದ್ದೆವು — ಅಡ್ಡ ಬಂದದ್ದು ದಾರಿಯಲ್ಲಿ ನಿಂತ ಗಂಡಸು. ಯಾವ ಅಂಕಿಯಲ್ಲೂ ಸಿಗದ್ದು ನನ್ನ ಕೈಗೆ ಸಿಕ್ಕಿತ್ತು. ಆಕೆ ಕಣ್ಣೊರೆಸಿಕೊಳ್ಳುವಾಗ ನಾನು ಕ್ಯಾಸೆಟ್ಟು ಇನ್ನೂ ತಿರುಗುತ್ತಿದೆಯೋ ಇಲ್ಲವೋ ನೋಡಿದೆ.

ಕೆಲವು ತಿಂಗಳ ಮೇಲೆ, ಬೆಂಗಳೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ನಮ್ಮ ತರಗತಿ ನೋಡಲು ಬರುತ್ತಾರೆಂದಾಯಿತು. ನಾನು ಸಂಗ್ರಹಿಸಿದ್ದರಲ್ಲಿ ಒಂದೆರಡನ್ನು ನರ್ಸುಗಳ ಮುಂದಿಟ್ಟು ಚರ್ಚೆ ಮಾಡಿಸು ಎಂದರು ಡಾಕ್ಟರು. "ಓದಿ ಹೇಳು" ಎಂದರು. ಈ ಮಾತನ್ನು ಒತ್ತಿ ಬರೆಯುತ್ತಿದ್ದೇನೆ. ಓದಿ ಹೇಳು ಎಂದಿದ್ದರು, ಕೇಳಿಸು ಎಂದಿರಲಿಲ್ಲ. ಆ ತಂಡಕ್ಕೆ ಬರುವವರ ಪಟ್ಟಿ ವಾರ ಮೊದಲೇ ನನ್ನ ಮೇಜಿಗೆ ಬಂದಿತ್ತು. ಅದರಲ್ಲಿ ನರ್ಸಬಾಯಿಯ ಹೆಸರಿತ್ತು. ಖಾನಾಪುರ ಕಡೆಯ ಇನ್ನೂ ಆರೇಳು ಹೆಸರುಗಳಿದ್ದವು.

ಓದಿ ನೋಡಿದೆ. ನನ್ನ ಬಾಯಲ್ಲಿ ಆ ಮಾತು ಸಪ್ಪೆಯಾಗುತ್ತಿತ್ತು. ಆಕೆಯ ಗಂಟಲು ಒಡೆಯುವ ಜಾಗ, ಕೂಸು ಎನ್ನುವ ಮೊದಲು ನಿಲ್ಲುವ ಉಸಿರು — ಇವನ್ನೆಲ್ಲ ನಾನು ಎಲ್ಲಿಂದ ತರಲಿ? ಬೇರೆ ಕ್ಯಾಸೆಟ್ಟುಗಳೂ ಇದ್ದವು, ಬೇರೆ ತಾಲೂಕಿನವು. ಅವು ಇದರಷ್ಟು ಚೆನ್ನಾಗಿರಲಿಲ್ಲ. ಬೆಂಗಳೂರಿನ ಅಧಿಕಾರಿ ಕೂತಲ್ಲೇ ಕರಗಬೇಕು, ಇದನ್ನು ತಂದವಳು ಯಾರು ಎಂದು ಕೇಳಬೇಕು — ನನಗೆ ಅದು ಬೇಕಿತ್ತು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎನ್ನುತ್ತಾರಲ್ಲ, ಹಾಗಿತ್ತು ನನ್ನ ವಿದ್ಯೆ.

ಗುಂಡಿ ಒತ್ತಿದೆ.

ಹತ್ತು ಮಾತೂ ಆಗಿರಲಿಲ್ಲ. ಒಂದು ಊರಿನವರು ಇನ್ನೊಂದು ಊರಿನವರ ಮಾತಿನ ಎಳೆತವನ್ನು ಹಾದಿ ಆಚೆಯಿಂದಲೇ ಗುರುತಿಸುವ ತಾಲೂಕು ಅದು, ಜೊತೆಗೆ ಕಲಿತವರ ಧ್ವನಿಯನ್ನು ಬಿಟ್ಟಾರೆಯೇ? ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬಳು ಹಿಂದಕ್ಕೆ ತಿರುಗಿದಳು. ಆಮೇಲೆ ಇನ್ನೊಬ್ಬಳು. ಆಮೇಲೆ ಎಲ್ಲ ಮುಖಗಳೂ ಒಂದೇ ಕಡೆ. ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಅದು ನನ್ನ ತಪ್ಪ ಏನ್ರೀ" ಎಂಬುದು ಆ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು, ನರ್ಸಬಾಯಿ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದಳು.

ಅಧಿಕಾರಿ ಕನ್ನಡಕ ತೆಗೆದು ಒರೆಸಿ, "ಯಾರಮ್ಮ ಈ ಹೆಣ್ಣುಮಗಳು?" ಎಂದರು.

"ಹೆಸರು ಹೇಳುವಂತಿಲ್ಲ ಸರ್. ಮಾತು ಕೊಟ್ಟಿದ್ದೇನೆ" ಎಂದೆ.

ಎಲ್ಲ ತಲೆಗಳೂ ಆಕೆಯ ಕಡೆ ತಿರುಗಿರುವಾಗ ನಾನು ಹೀಗೆಂದೆ! ಅಧಿಕಾರಿ ನನ್ನ ಶಿಸ್ತನ್ನು ಮೆಚ್ಚಿಕೊಂಡರು. ನಾಚಿಕೆಯಿಂದ ಸಾಯುವುದು ಎಂದು ಸುಮ್ಮನೆ ಅನ್ನುತ್ತಾರೆ. ಯಾರೂ ಸಾಯುವುದಿಲ್ಲ. ನಾನು ಆ ಮೆಚ್ಚುಗೆಗೆ ಕೈ ಮುಗಿದೆ.

ಚಹಾದ ಬಿಡುವಿನಲ್ಲಿ ಆಕೆ ಹತ್ತಿರ ಬಂದಳು. ಬಯ್ಯುತ್ತಾಳೆಂದುಕೊಂಡಿದ್ದೆ, ಬಯ್ದಿದ್ದರೆ ಒಳ್ಳೆಯದಿತ್ತು. "ನೀವ ಕೇಳಿದ್ರಿ ಅಂತ ಹೇಳ್ದೆ ಅಕ್ಕಾರ. ಅಲ್ಲೀತನಾ ಯಾರೂ ಕೇಳಿದ್ದಿಲ್ಲ" ಎಂದು, ಕುಡಿಯದ ಬಟ್ಟಲನ್ನು ಮೇಜಿನ ಮೇಲಿಟ್ಟು ಹೋದಳು. ಮಧ್ಯಾಹ್ನದ ಪಾಠಕ್ಕೆ ಬರಲಿಲ್ಲ.

ಮುಂದಿನದನ್ನು ನಾನು ಬೇರೆಯವರಿಂದ ಕೇಳಿ ತಿಳಿದೆ, ಹೋಗಿ ನೋಡುವ ಧೈರ್ಯ ಇರಲಿಲ್ಲ. ಸುದ್ದಿ ಆಕೆಗಿಂತ ಮೊದಲು ಊರು ಮುಟ್ಟಿತ್ತು. ಕೂಸು ಕಳೆದುಕೊಂಡ ಮನೆಯವರು ಬಾಗಿಲಿಗೆ ಬಂದು, ಜ್ವರ ಅಂತ ಸುಳ್ಳು ಹೇಳಿ ನಮ್ಮ ಕೂಸು ಕೊಂದೆ ಎಂದರು. ಆ ಮೈದುನ, ನಾನೇಕೆ ಕೈ ಹಿಡಿಯಲಿ, ಅವಳೇ ಅಂಥವಳು ಎಂದು ಚಹಾದಂಗಡಿಯಲ್ಲಿ ಕೂತು ಹೇಳಿದ. ಊರು ಅವನ ಮಾತು ನಂಬಿತು. ಇಲಾಖೆ ತನ್ನ ಪಾಲಿಗೆ, ರಿಜಿಸ್ಟರಿನಲ್ಲಿ ಸುಳ್ಳು ಬರೆದದ್ದಕ್ಕೆ ಕಾರಣ ಕೇಳಿ ನೋಟೀಸು ಕೊಟ್ಟು, ಅಥಣಿ ಕಡೆಗೆ ವರ್ಗ ಮಾಡಿತು. ಆ ನೋಟೀಸಿಗೆ ಆಕೆ ಉತ್ತರ ಬರೆಯಲಿಲ್ಲವಂತೆ. ವರ್ಷ ತುಂಬುವುದರೊಳಗೆ ನೌಕರಿ ಬಿಟ್ಟಳು. ಮನೆತನದಲ್ಲಿ ಮೊದಲು ಸಾಲಿ ಕಲಿತವಳು.

ನಮ್ಮ ಪಾಠ ಬದಲಾಯಿತು. ನರ್ಸನ್ನು ಕರೆಯಲು ಮನೆಯ ಹೆಂಗಸೊಬ್ಬಳು ಬರಬೇಕು, ಇಲ್ಲದಿದ್ದರೆ ನರ್ಸು ಸೂಲಗಿತ್ತಿಯನ್ನು ಜೊತೆಗೆ ಕರೆದುಕೊಂಡು ಹೋಗಬಹುದು ಎಂದು ನಾವು ಹೇಳಿಕೊಡತೊಡಗಿದೆವು. ಎಷ್ಟೋ ಹುಡುಗಿಯರಿಗೆ ಅದು ಆಸರೆಯಾಯಿತು. ಒಳ್ಳೆಯದಾಯಿತಲ್ಲ ಎಂದು ಬಹಳ ದಿನ ಅದನ್ನೇ ಹಿಡಿದುಕೊಂಡಿದ್ದೆ. ಆದರೆ ನಾನು ಬರೀ ಓದಿ ಹೇಳಿದ್ದರೂ ಅಷ್ಟೇ ಆಗುತ್ತಿತ್ತು. ಆ ಧ್ವನಿ ಬೇಕಾದದ್ದು ನನ್ನೊಬ್ಬಳಿಗೆ.

ಇನ್ನೂ ಒಂದು ಹೇಳಬೇಕು. ಆಮೇಲೆ ಇದೇ ವಿದ್ಯೆಯನ್ನು ಕಲಿಸಲು ನನ್ನನ್ನು ಬೇರೆ ಊರುಗಳಿಗೂ ಕರೆಯತೊಡಗಿದರು. ಗುಟ್ಟು ಕಾಯುವ ಬಗ್ಗೆ ಹೇಳುವಾಗ ನಾನು ತಪ್ಪದೆ ಈ ಕಥೆ ಹೇಳುತ್ತಿದ್ದೆ — 'ಒಬ್ಬ ಎಳೆಯ ಕಾರ್ಯಕರ್ತೆ' ಲಕ್ಷ್ಯವಿಲ್ಲದೆ ಮಾಡಿದ ತಪ್ಪು ಎಂದು. ಕೇಳಿದವರ ಕಣ್ಣು ತುಂಬುತ್ತಿತ್ತು. ಎರಡನೆಯ ಸಲವೂ ನಾನು ಆಕೆಯಿಂದಲೇ ಹೆಸರು ಮಾಡಿಕೊಂಡೆ.

ಇಲ್ಲಿಯವರೆಗಿನದನ್ನು ಬರೆದುಕೊಂಡು ಖಾನಾಪುರಕ್ಕೆ ಹೋದೆ. ಆಕೆ ಅಲ್ಲಿ ಈಗ ಕುಪ್ಪಸ ಹೊಲಿದು ಜೀವನ ಮಾಡುತ್ತಾಳೆ. ಈ ಸಲ ಆಕೆಯನ್ನು ಕೇಳದೆ ಏನನ್ನೂ ಹೊರಗೆ ಬಿಡಬಾರದೆಂದಿತ್ತು. ಬೇಡವೆಂದರೆ ಅಲ್ಲೇ ಹರಿದು ಹಾಕುವುದೆಂದು ನಿಶ್ಚಯಿಸಿದ್ದೆ. ನನ್ನನ್ನು ನೋಡಿ ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ. "ಕುಂದರ್ರಿ" ಎಂದಳು. ನಮ್ಮ ಕಡೆ ಬಂದವರಿಗೆ ಮೊದಲು ನೀರು, ಆಮೇಲೆ ಚಹಾ. ಆಕೆ ಎರಡೂ ಕೊಡಲಿಲ್ಲ. ನಾನು ಓದುತ್ತ ಹೋದೆ, ಆಕೆ ಗುಂಡಿಗೆ ಕಾಜಾ ಹಾಕುತ್ತ ಕೇಳಿದಳು. ಮುಗಿದ ಮೇಲೆ ದಾರ ಕಡಿದು ಸೂಜಿ ಬಟ್ಟೆಗೆ ಚುಚ್ಚಿಟ್ಟಳು.

"ಅಚ್ಚ ಹಾಕ್ಸೂದಿದ್ರ ಹಾಕಸ್ರಿ. ಆದ್ರ ಒಂದ ಬಿಟ್ಟೀರಿ ಅಕ್ಕಾರ."

ಏನು ಎಂದೆ.

"ಗುಂಡಿ ಒತ್ತೂಕಿಂತ ಮೊದ್ಲ ನೀವ ನನ್ನ ಕಡೆ ನೋಡಿದ್ರಿ. ಕೈಯಾಗ ಕ್ಯಾಸೆಟ್ಟ ನೋಡೇ ನನಗ ತಿಳೀತು. ಬ್ಯಾಡ್ರಿ ಅಂತ ತಲಿ ಅಲ್ಲಾಡ್ಸಿದೆ. ಅದನ್ನ ಬರದಿಲ್ಲ ನೀವು."

ನೋಡಿದ್ದೆ. ಆಕೆ ತಲೆ ಅಲ್ಲಾಡಿಸಿದ್ದನ್ನೂ ಸರಿಯಾಗಿ ನೋಡಿದ್ದೆ. ಎಲ್ಲವನ್ನೂ ಒಪ್ಪಿಕೊಳ್ಳಬೇಕೆಂದು ಕೂತು ಬರೆದಾಗಲೂ ಅದೊಂದನ್ನು ಬಿಟ್ಟಿದ್ದೆ — ಆಕೆಗೆ ನೆನಪಿರಲಿಕ್ಕಿಲ್ಲ ಎಂದುಕೊಂಡು.

ಆಕೆ ಕತ್ತರಿ, ಅಳತೆಪಟ್ಟಿ ಬದಿಗೆ ಸರಿಸಿ ಹೊಲಿಗೆಯ ಮೇಜಿನ ಮೇಲೆ ನನಗೆ ಜಾಗ ಮಾಡಿಕೊಟ್ಟಳು. ಅಲ್ಲೇ ಕೂತು, ಬಿಟ್ಟಿದ್ದ ಈ ಮಾತನ್ನು ಕೊನೆಗೆ ಸೇರಿಸಿದೆ. ನಾನು ಬರೆದು ಮುಗಿಸುವವರೆಗೂ ಆಕೆ ಪಕ್ಕದಲ್ಲಿ ನಿಂತು ಒಂದೊಂದೇ ಸಾಲು ಓದುತ್ತಿದ್ದಳು.