ರೋನಿಯ ಭಾನುವಾರದ ಪ್ಯಾನ್‌ಕೇಕ್

ನಿನ್ನೆ ಮಧ್ಯಾಹ್ನ ಶಾಲೆ ಬಿಟ್ಟು ಮನೆಗೆ ಬರುವಾಗ ನಂತೂರಿನಲ್ಲಿ ಬಸ್ಸು ಎಂದಿನಂತೆ ನಿಂತುಬಿಟ್ಟಿತು. ಮುಂದೆ ಲಾರಿ, ಹಿಂದೆ ಲಾರಿ, ಪಕ್ಕದಲ್ಲೊಂದು ಟ್ಯಾಂಕರ್. ಕಿಟಕಿಯಿಂದ ಬರಬೇಕಾದ ಗಾಳಿಯೂ ಅವುಗಳ ನಡುವೆ ಎಲ್ಲೋ ಸಿಕ್ಕಿಕೊಂಡಂತಿತ್ತು. ಆಗ ನನ್ನ ಕಾಲಬುಡದ ಚೀಲದಿಂದ ಕಳಿತ ಬಾಳೆಹಣ್ಣಿನ ವಾಸನೆ ಮೆಲ್ಲನೆ ಎದ್ದಿತು. ಎದ್ದದ್ದು ಎರಡು ಸೀಟು ಮುಂದಿನವರೆಗೂ ಹೋಗಿರಬೇಕು, ಒಬ್ಬರು ತಿರುಗಿ ನೋಡಿದರು. ನನ್ನ ಪಕ್ಕದಲ್ಲಿ ಕೂತಿದ್ದ ಝೊಹರಾ ಬಗ್ಗಿ ಚೀಲದೊಳಗೆ ಇಣುಕಿದಳು. ಪಡೀಲಿನಲ್ಲಿ ನಮ್ಮ ಪಕ್ಕದ ಮನೆಯವಳು ಅವಳು. ಫಳ್ನೀರಿನ ಒಂದು ಕ್ಲಿನಿಕ್ಕಿನಲ್ಲಿ ಕೆಲಸ.

"ಎಂತ ಟೀಚರ್, ಇಷ್ಟು ಕಳಿತದ್ದನ್ನು ಯಾಕೆ ತಕ್ಕೊಂಡದ್ದು?"

"ನಾಳೆ ಬೆಳಿಗ್ಗೆ ಪ್ಯಾನ್‌ಕೇಕ್ ಉಂಟು."

"ಓ, ರೋನಿ ಅಂಕಲ್‌ದಾ! ಹಾಗಾದ್ರೆ ಸರಿ."

ನೀವೇ ಹೇಳಿ, ಇದು ನ್ಯಾಯವೇ? ಇಪ್ಪತ್ತೆರಡು ವರ್ಷದಿಂದ ಆ ಮನೆಯಲ್ಲಿ ದೋಸೆ ಹೊಯ್ಯುತ್ತಿದ್ದೇನೆ. ನೆರೆಹೊರೆಯವರು ಯಾರೂ ಇದುವರೆಗೆ "ಓ, ಟೀಚರರ ದೋಸೆಯಾ!" ಎಂದು ಉದ್ಗರಿಸಿಲ್ಲ. ವಾರಕ್ಕೊಮ್ಮೆ ಒಲೆಯ ಮುಂದೆ ನಿಲ್ಲುವ ನನ್ನ ಗಂಡ ಮಾತ್ರ ಬೀದಿಗೆಲ್ಲ ಪ್ರಸಿದ್ಧ. ಬಸ್ಸು ಹೊರಡುವ ಲಕ್ಷಣ ಕಾಣಿಸಲಿಲ್ಲ. ಹಾಗಾಗಿ ಆ ಪ್ರಸಿದ್ಧಿ ಶುರುವಾದ ಬಗೆಯನ್ನು ನೆನೆಯುತ್ತ ಕೂತೆ.

ರೋನಿ ಹದಿನೆಂಟು ವರ್ಷ ದೋಹಾದ ಒಂದು ಹೋಟೆಲಿನಲ್ಲಿದ್ದ. ಕೊಂಕಣಿಯಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಏಕವಚನದವರು, ಕನ್ನಡದಲ್ಲೂ ಹಾಗೆಯೇ ಬರೆಯುತ್ತೇನೆ, ಒಪ್ಪಿಕೊಳ್ಳಿ. ಅವನದು ಬೆಳಗಿನ ತಿಂಡಿಯ ವಿಭಾಗ. ಉದ್ದದ ಕಾವಲಿಯ ಮುಂದೆ ನಿಂತು ಪ್ಯಾನ್‌ಕೇಕ್ ಮಾಡಿಕೊಡುವುದು. ವರ್ಷಕ್ಕೊಂದು ತಿಂಗಳು ರಜೆಯಲ್ಲಿ ಬರುತ್ತಿದ್ದ. ಆ ತಿಂಗಳು ಅವನು ನಮ್ಮ ಮನೆಯ ನೆಂಟ. ಚಹಾದ ಒಳ್ಳೆಯ ಕಪ್ಪು ಅವನಿಗೆ, ಮೀನಿನ ನಡುತುಂಡು ಅವನಿಗೆ, ಫ್ಯಾನಿನ ಕೆಳಗಿನ ಕುರ್ಚಿ ಅವನಿಗೆ. ಒಂದು ಲೋಟ ತೆಗೆದಿಡಲೂ ನಾನು ಬಿಡುತ್ತಿರಲಿಲ್ಲ. ಅದು ಪ್ರೀತಿ ಎಂದೇ ಅಂದುಕೊಂಡಿದ್ದೆ. ಸ್ವಲ್ಪ ಪ್ರೀತಿಯೂ ಇತ್ತು. ಉಳಿದದ್ದು ನನ್ನ ಅಡುಗೆಮನೆಯಲ್ಲಿ ಲೋಟ ಎಲ್ಲಿರಬೇಕೋ ಅಲ್ಲೇ ಇರಬೇಕೆಂಬ ಹಟ. ಮೂವತ್ತು ಮಕ್ಕಳನ್ನು ಸಾಲಾಗಿ ಕೂರಿಸಿ ಅಭ್ಯಾಸವಾದವಳಿಗೆ ಲೋಟಗಳನ್ನು ಬಿಡಲು ಮನಸ್ಸಾಗುತ್ತದೆಯೇ?

ಮೂರು ವರ್ಷದ ಹಿಂದೆ, ಒಂದು ಅಕ್ಟೋಬರಿನಲ್ಲಿ, ಅವನು ಸಾಕೆಂದು ಬಂದುಬಿಟ್ಟ. ಮೊದಲ ವಾರ ಹಬ್ಬದಂತಿತ್ತು. ಎರಡನೆಯ ವಾರ ಮೀನಿನ ನಡುತುಂಡು ಮಗಳು ಲವೀನಾಳ ತಟ್ಟೆಗೆ ಹಿಂದಿರುಗಿತು. ಮೂರನೆಯ ವಾರ ಫ್ರಿಜ್ಜಿನ ಎದುರು ಸುಮ್ಮನೆ ನಿಂತಿದ್ದವನಿಗೆ ನಾನು "ಸ್ವಲ್ಪ ಆಚೆ" ಎಂದೆ. ಅವನು ಆಚೆ ಸರಿದ. ಆಚೆಯಲ್ಲಿ ಅತ್ತೆ ತೆಂಗಿನಕಾಯಿ ತುರಿಯುತ್ತಿದ್ದರು, ಅಲ್ಲಿಂದಲೂ ಸರಿಯಬೇಕಾಯಿತು. ಕೊನೆಗೆ ಜಗಲಿಗೆ ಹೋಗಿ ಕೂತ. ತನ್ನದೇ ಮನೆಯಲ್ಲಿ ಚಮಚದ ಡ್ರಾಯರ್ ಯಾವುದೆಂದು ಗೊತ್ತಿಲ್ಲದ ಮನುಷ್ಯ ಎಲ್ಲಿ ನಿಲ್ಲಬೇಕು? ಆ ಪ್ರಶ್ನೆ ಆಗ ನನಗೆ ಹೊಳೆಯಲೇ ಇಲ್ಲ.

ಒಂದು ಭಾನುವಾರ ಮೊದಲ ಪೂಜೆ ಮುಗಿಸಿ ಚರ್ಚಿನಿಂದ ಬರುತ್ತಿದ್ದಾಗ ಅವನೇ ಹೇಳಿದ: "ಇವತ್ತು ತಿಂಡಿ ನಂದು. ಪ್ಯಾನ್‌ಕೇಕ್. ನೀವು ಮೂರು ಜನ ಸುಮ್ಮನೆ ಕೂತ್ಕೊಳ್ಳಿ."

ಲವೀನಾ ಕುಣಿದಳು. ಅಪ್ಪನ ಹೋಟೆಲಿನ ಪ್ಯಾನ್‌ಕೇಕಿನ ಫೋಟೋಗಳನ್ನು ಫೋನಿನಲ್ಲಿ ನೋಡಿಯೇ ಬೆಳೆದವಳು ಅವಳು. ಒಂದರ ಮೇಲೊಂದು ನಾಲ್ಕು, ದಿಂಬಿನಂತೆ ಉಬ್ಬಿದವು, ಮೇಲೆ ಹಣ್ಣಿನ ಹೋಳು, ಅಂಚಿನಿಂದ ಇಳಿಯುವ ಜೇನು. ನಾವು ಮೂವರೂ ಮೇಜಿನ ಸುತ್ತ ಕೂತೆವು. ಒಳಗಿನಿಂದ ಡಬ್ಬಗಳನ್ನು ತೆಗೆದು ಮುಚ್ಚುವ ಸದ್ದು ಬಹಳ ಹೊತ್ತು ಬಂತು. "ಮೈದಾ ಎಡಗಡೆ, ಕೆಳಗೆ" ಎಂದು ನಾನು ಕೂತಲ್ಲಿಂದಲೇ ಪಾಠ ಮಾಡಿದೆ.

ಬಂದದ್ದು ಏನೆಂದು ಹೇಳಲಿ. ಅಂಗೈ ಅಗಲದ, ಚಪ್ಪಟೆಯಾದ, ಎಳೆದರೆ ಹಿಗ್ಗುವ ಒಂದು ವಸ್ತು. ಮೇಲೆ ಮಾತ್ರ ಬಾಳೆಹಣ್ಣಿನ ಹೋಳುಗಳನ್ನು ಹೂವಿನಂತೆ ಜೋಡಿಸಿದ್ದ. ಎಪ್ಪತ್ತಾರು ವರ್ಷದ ಅತ್ತೆ ಒಂದು ತುಂಡು ಬಾಯಿಗಿಟ್ಟು, ತುಂಬಾ ಹೊತ್ತು ಅಗಿದು, ನಿಜವಾದ ಮೆಚ್ಚುಗೆಯಿಂದಲೇ ಕೇಳಿದರು:

"ಮೈದಾ ದೋಸೆ ಒಳ್ಳೆದುಂಟು ಮಗಾ. ಚಟ್ನಿ ಎಂತ ಮಾಡಿದ್ದೀ?"

ಲವೀನಾ ನಕ್ಕಳು. ನಾನೂ ನಕ್ಕೆ. ಅಲ್ಲಿಗೆ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಆದರೆ ತಪ್ಪು ಕಂಡಲ್ಲಿ ಕೆಂಪು ಶಾಯಿ ಹಚ್ಚದೆ ಬಿಡುವ ಕೈ ನನ್ನದಲ್ಲ. ಎದ್ದು ಸೆರಗು ಸಿಕ್ಕಿಸಿ, "ಬರದಿದ್ರೆ ಬಿಡು ರೋನಿ, ಉದ್ದಿನ ಹಿಟ್ಟು ಉಂಟು, ಐದು ನಿಮಿಷದಲ್ಲಿ ದೋಸೆ ಹೊಯ್ತೇನೆ" ಎಂದೆ. ಐದು ನಿಮಿಷದಲ್ಲಿ ಹೊಯ್ದೆ ಕೂಡ. ಅಷ್ಟರಲ್ಲಿ ಅವನು ಕಾವಲಿ, ಬೋಗುಣಿ ಎಲ್ಲ ತೊಳೆದು ಕವುಚಿಟ್ಟು ಜಗಲಿಗೆ ಹೋಗಿದ್ದ. ದೋಸೆ ತಿಂದ. ಚೆನ್ನಾಗಿದೆ ಎಂದೂ ಹೇಳಿದ. ಮತ್ತೆ ಒಂದು ತಿಂಗಳು ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ನೀರು ಬೇಕಾದರೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಆ ತಿಂಗಳು ಅಡುಗೆಮನೆ ಪೂರ್ತಿಯಾಗಿ ನನ್ನದಾಗಿತ್ತು. ಅದರಲ್ಲಿ ಅಷ್ಟೊಂದು ಖುಷಿಯೇನೂ ಇರಲಿಲ್ಲ ಎಂಬುದನ್ನು ಇಂದು ಒಪ್ಪಿಕೊಳ್ಳಬಲ್ಲೆ.

ಡಿಸೆಂಬರ್ ಬಂತು. ನಮ್ಮಲ್ಲಿ ಕ್ರಿಸ್ಮಸ್ಸಿನ ಕೇಕು ಇವತ್ತಿಗೂ ಅತ್ತೆಯದೇ. ಅವರ ಅಧಿಕಾರಕ್ಕೆ ನಾನು ಕೈ ಹಾಕಿಲ್ಲ, ಹಾಕಲು ಧೈರ್ಯವೂ ಇಲ್ಲ. ಆ ವರ್ಷ ಅವರ ಮಣಿಕಟ್ಟು ನೋಯುತ್ತಿತ್ತು. ನಾನು ಶಾಲೆಯಿಂದ ಬೇಗ ಬಂದಿದ್ದೆ. ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಅತ್ತೆಯ ದನಿ ಕೇಳಿಸಿತು.

"ರೋನಿ, ಇಲ್ಲಿ ಬಾ. ಈ ಮೊಟ್ಟೆ ಬಡಿಯಲಿಕ್ಕೆ ನನ್ನ ಕೈಯಲ್ಲಿ ಆಗುದಿಲ್ಲ."

"ನನಗೆ ಅದೆಲ್ಲ ಬರುದಿಲ್ಲ ಅಮ್ಮಾ."

"ಹದಿನೆಂಟು ವರ್ಷ ಹೋಟೆಲಲ್ಲಿ ಎಂತ ಮಾಡಿದ್ದು ಹಾಗಾದ್ರೆ?"

ನಾನು ಒಂದು ಕಾಲಿನ ಚಪ್ಪಲಿಯಲ್ಲೇ ನಿಂತೆ. ಕದ್ದು ಕೇಳುವುದು ತಪ್ಪೆಂದು ಪ್ರತಿವರ್ಷ ಮಕ್ಕಳಿಗೆ ಹೇಳುವವಳು ನಾನೇ.

"ಅಲ್ಲಿ ಹಿಟ್ಟು ಪ್ಯಾಕೆಟಿನಲ್ಲಿ ಬರ್ತಿತ್ತು," ಎಂದ ರೋನಿ. "ನೀರು ಹಾಕಿ ಮೆಷಿನ್ ಆನ್ ಮಾಡುದು ಬೇರೆಯವನು. ಅದರಲ್ಲಿ ಎಂತ ಉಂಟು, ಯಾಕೆ ಉಬ್ತದೆ, ಯಾರೂ ಹೇಳ್ಲಿಲ್ಲ. ನಂದು ಕಾವಲಿಗೆ ಹೊಯ್ಯುದು, ಮೊಗಚುದು. ಹದಿನೆಂಟು ವರ್ಷ ಮೊಗಚಿದ್ದು ಮಾತ್ರ ಅಮ್ಮಾ."

"ಬರದಿದ್ರೆ ಬಿಡು" ಎಂದ ನನ್ನದೇ ಮಾತು ನನಗೆ ನೆನಪಾಯಿತು. ಅತ್ತೆ ಮಾತ್ರ ಒಂದು ಚೂರೂ ಮರುಗಲಿಲ್ಲ.

"ಮೊಗಚಲಿಕ್ಕೆ ಬರ್ತದಲ್ಲ? ಕಷ್ಟದ್ದು ಅದೇ. ಹಿಟ್ಟು ಮಾಡುದು ನಾನು ಕಲಿಸ್ತೇನೆ, ಕೂತ್ಕೋ."

ನಾನು ಬಾಗಿಲ ಸಂದಿಯಿಂದ ನೋಡಿದೆ. ಐವತ್ತು ದಾಟಿದ ಮಗ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮೊಟ್ಟೆಯ ಬಿಳಿಯನ್ನು ಹಳದಿಯಿಂದ ಬೇರೆ ಮಾಡುತ್ತಿದ್ದ. ಬಿಳಿಯಲ್ಲಿ ಹಳದಿಯ ಒಂದು ಹನಿ ಬಿದ್ದರೂ ಅತ್ತೆ ಅದನ್ನು ಆಮ್ಲೆಟ್ಟಿಗೆ ದೂಡಿ ಹೊಸ ಮೊಟ್ಟೆ ಕೊಡುತ್ತಿದ್ದರು. ಆಮೇಲೆ ಬಡಿಯುವ ಕೆಲಸ. ಅವನು ಬಡಿದ, ಬಡಿದ, ಹಣೆಯ ಬೆವರು ತೋಳಿಗೆ ಒರೆಸಿಕೊಂಡು ಮತ್ತೆ ಬಡಿದ. ಬಿಳಿ ನೊರೆಯಾಗಿ, ನೊರೆ ಮೋಡವಾಗಿ, ಬೋಗುಣಿ ತುಂಬಿತು.

"ಆಯಿತಾ?"

"ಈಗ ನೋಡುವ. ತಲೆ ಬಗ್ಗಿಸು," ಎಂದು ಅತ್ತೆ ಬೋಗುಣಿಯನ್ನು ತೆಗೆದುಕೊಂಡು ಸೀದಾ ಅವನ ನೆತ್ತಿಯ ಮೇಲೆ ಕವುಚಿ ಹಿಡಿದರು. "ಬಿದ್ರೆ ಆಗಲಿಲ್ಲ ಅಂತ ಲೆಕ್ಕ."

ರೋನಿ ಕಣ್ಣು ಬಿಗಿಯಾಗಿ ಮುಚ್ಚಿದ. ಒಂದು ಹನಿಯೂ ಬೀಳಲಿಲ್ಲ. ಅವನು ಒಂದು ಕಣ್ಣು ತೆರೆದು ಮೇಲೆ ನೋಡಿ ನಕ್ಕ. ಊರಿಗೆ ಬಂದ ಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಮರುಭಾನುವಾರ ಅವನು ಯಾರಿಗೂ ಹೇಳದೆ ಅಡುಗೆಮನೆಗೆ ಹೋದ. ಹಾಲು, ಹಳದಿ, ಕಿವುಚಿದ ಬಾಳೆಹಣ್ಣು, ಮೈದಾ, ಒಂದು ಚಿಟಿಕೆ ಉಪ್ಪು. ಕೊನೆಗೆ ಆ ನೊರೆಯನ್ನು ನಿದ್ದೆಹೋದ ಮಗುವನ್ನು ಮಲಗಿಸುವ ಹಾಗೆ ಹಿಟ್ಟಿನ ಮೇಲೆ ಇಳಿಸಿ, ಕೆಳಗಿನಿಂದ ಮೇಲಕ್ಕೆ ಮೆಲ್ಲನೆ ಬೆರೆಸಿದ. ದಪ್ಪ ಕಾವಲಿ, ಸಣ್ಣ ಉರಿ, ಮೇಲೊಂದು ಮುಚ್ಚಳ. ಮುಚ್ಚಳ ತೆಗೆದಾಗ ಅದು ಎರಡು ಬೆರಳು ಎತ್ತರಕ್ಕೆ ಉಬ್ಬಿ ನಿಂತಿತ್ತು, ಮೇಲೆ ಸಣ್ಣ ಸಣ್ಣ ಗುಳ್ಳೆ. ಆಮೇಲೆ ಅವನು ಮೊಗಚಿದ. ಅಯ್ಯೋ, ಅದನ್ನು ನೀವು ನೋಡಬೇಕಿತ್ತು! ಮಣಿಕಟ್ಟಿನ ಒಂದೇ ಒಂದು ತಿರುವು. ಹಿಟ್ಟು ಚೆಲ್ಲಲಿಲ್ಲ, ಅಂಚು ಮುದುಡಲಿಲ್ಲ. ಹದಿನೆಂಟು ವರ್ಷ ಆ ಕೈಯಲ್ಲಿತ್ತು.

ಸಿಂಕಿನಲ್ಲಿ ನಾಲ್ಕು ಬೋಗುಣಿ ರಾಶಿ ಬಿದ್ದಿದ್ದವು. ಅದರ ಬಗ್ಗೆ ಒಂದು ವಾಕ್ಯ ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ಹೇಳುವ ಮೊದಲೇ ನಾನು ಹೊಡೆದುಹಾಕಿದ ಮೊದಲ ವಾಕ್ಯ ಬಹುಶಃ ಅದೇ.

ಅಂದಿನಿಂದ ಭಾನುವಾರದ ತಿಂಡಿ ಅವನದು. ಹಣ್ಣುಗಳ ಮೇಲೆ ಪ್ರಯೋಗವೂ ಶುರುವಾಯಿತು. ಚಿಕ್ಕು ಗೆದ್ದಿತು. ಅನಾನಸ್ ನೀರುಬಿಟ್ಟು ಕಾವಲಿಗೆ ಅಂಟಿ ಚಿಂದಿಯಾಯಿತು. ಸಕ್ಕರೆಯಲ್ಲಿ ಬಾಡಿಸಿ ಹಾಕಿದ ಮೇಲೆ ದಾರಿಗೆ ಬಂತು. ಹಲಸಿನ ಹಣ್ಣು ಹಾಕಿದ ದಿನ ಅತ್ತೆ, "ಇದು ನಮ್ಮ ಹಲಸಿನ ಗಟ್ಟಿಯೇ ಅಲ್ಲವಾ?" ಎಂದು ಕೇಳಿ, ಕಡುಬಿನ ಹಾಗೆ ಅರಸಿನ ಎಲೆಯಲ್ಲಿ ಸುತ್ತಿ ಬೇಯಿಸಬೇಕಿತ್ತೆಂದು ಸಲಹೆ ಕೊಟ್ಟರು. ಮಾವಿನಹಣ್ಣಿನ ಕಾಲದಲ್ಲಿ ಒಂದು ತಟ್ಟೆ ಗೋಡೆಯಾಚೆ ಝೊಹರಾಳ ಮನೆಗೆ ಹೋಯಿತು. ಅವಳ ಮನೆಯಿಂದ ಸುದ್ದಿ ಬೀದಿಗೆ ಹೋಯಿತು. ಪ್ರಸಿದ್ಧಿಯ ಕಥೆ ಇಷ್ಟೇ. ನಂತೂರಿನ ಲಾರಿಗಳು ಸರಿದು ನಿನ್ನೆ ನಾನು ಮನೆ ಮುಟ್ಟುವಷ್ಟರಲ್ಲಿ ಕಥೆಯೂ ಮುಗಿದಿತ್ತು. ಮುಗಿದಿತ್ತು ಎಂದುಕೊಂಡಿದ್ದೆ.

ಇವತ್ತು ಬೆಳಿಗ್ಗೆ ನಾವು ಮೂವರು ಮೇಜಿನ ಮುಂದೆ ಕೂತಿದ್ದೆವು. ಅವನು ಒಂದೊಂದೇ ಬಿಸಿಬಿಸಿಯಾಗಿ ತಂದು ಹಾಕುತ್ತಿದ್ದ. ಎರಡನೆಯದನ್ನು ಮುರಿಯುತ್ತಿದ್ದಾಗ ನಾನು ನಾಲ್ಕನೆಯ ಕುರ್ಚಿಯನ್ನು ನೋಡಿದೆ. ಮೂರು ವರ್ಷದಲ್ಲಿ ಒಂದು ಭಾನುವಾರವೂ ಅವನು ಅದರಲ್ಲಿ ಕೂತು ನಮ್ಮ ಜೊತೆ ತಿಂದ ನೆನಪಿಲ್ಲ. ಇಷ್ಟು ದಿನ ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲವಲ್ಲ!

"ನಿಂದೆಲ್ಲಿ ರೋನಿ?"

"ನಂದು ಆಮೇಲೆ."

"ಯಾವಾಗಲೂ ಆಮೇಲೆ ಯಾಕೆ?"

ಅವನು ಕಾವಲಿಯಿಂದ ಕಣ್ಣು ತೆಗೆಯದೆ ಯೋಚಿಸಿದ. "ಅಲ್ಲಿ ಹಾಗೇ ಅಲ್ಲವಾ? ಬಂದವರದ್ದೆಲ್ಲ ಆಗಿ, ಹನ್ನೊಂದು ಗಂಟೆಗೆ, ಪಾತ್ರೆ ತೊಳೆಯುವಲ್ಲಿ ನಿಂತುಕೊಂಡು ತಿನ್ನುದು. ಶುಕ್ರವಾರ ಫ್ಯಾಮಿಲಿಗಳು ಬರ್ತಿದ್ರು. ಮಕ್ಕಳು ಪ್ಲೇಟ್ ಹಿಡ್ಕೊಂಡು ಪುನಃ ಪುನಃ ಬರ್ತಿದ್ವು. ಲವೀನಾಳ ಪ್ರಾಯದವು." ಇಷ್ಟು ಹೇಳಿ ಮೊಗಚಿದ. ದೂರೇನೂ ಇರಲಿಲ್ಲ ಅದರಲ್ಲಿ, ಹವಾಮಾನ ಹೇಳುವ ಹಾಗೆ ಹೇಳಿದ.

ನಾನು ಎದ್ದು ಹೋಗಿ ಅವನ ಕೈಯಿಂದ ಸಟ್ಟುಗ ತೆಗೆದುಕೊಂಡೆ. "ಹೋಗಿ ಕೂತ್ಕೋ."

"ನಿನಗೆ ಇದು..."

"ಗೊತ್ತುಂಟು, ಬರುದಿಲ್ಲ. ಕೂತ್ಕೋ ಮಾರಾಯ."

ಅವನು ಕುರ್ಚಿಯ ತುದಿಯಲ್ಲಿ, ಯಾರಾದರೂ ಕರೆದರೆ ಏಳುವವನಂತೆ ಕೂತ. ನಾನು ಹಿಟ್ಟು ಹೊಯ್ದೆ, ಮುಚ್ಚಿದೆ, ಗುಳ್ಳೆ ಬರಲು ಕಾದೆ, ಮೊಗಚಿದೆ. ಅರ್ಧ ಮಡಚಿಕೊಂಡು ಬಿತ್ತು. ಒಂದು ಬದಿ ಕಪ್ಪು, ಇನ್ನೊಂದು ಬದಿ ಪೇಲವ. ಅವನು ಅರ್ಧ ಎದ್ದ. ಅತ್ತೆ ಅವನ ತೋಳು ಹಿಡಿದು ಕೂರಿಸಿದರು. ತಟ್ಟೆಗೆ ಹಾಕಿದೆ. ಹೇಗಾಗಿದೆ ಎಂದು ನಾನು ಕೇಳಲಿಲ್ಲ. ಲವೀನಾ ಜೇನಿನ ಬಾಟಲಿಯನ್ನು ಅಪ್ಪನ ಕಡೆ ಸರಿಸಿದಳು. ಅವನು ಬೆನ್ನನ್ನು ಕುರ್ಚಿಗೆ ಆನಿಸಿ, ಸುಟ್ಟ ಅಂಚನ್ನೂ ಬಿಡದೆ, ನಿಧಾನವಾಗಿ ಪೂರ್ತಿ ತಿಂದ. ಆಮೇಲೆ ಖಾಲಿ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆ ಹಿಡಿದ.

"ಇನ್ನೊಂದು ಉಂಟಾ?"

"ಉಂಟು," ಎಂದೆ. ಹಿಟ್ಟು ಇನ್ನೂ ಬೇಕಾದಷ್ಟಿತ್ತು.