ಕಿತ್ತಳೆ ಗಿಡದ ಬಾಡಿಗೆದಾರರು

ಮೇಲಧಿಕಾರಿಗೆ ಸಲಾಮು ಹೊಡೆಯಲು ಎತ್ತಿದ ಕೈ ಹಣೆ ಮುಟ್ಟುವ ಮೊದಲೇ ಅಂಗಿಯೊಳಗೆ ಇಳಿಯಿತು. ಬೆನ್ನಿನ ಮೇಲೆಲ್ಲೋ ಕೆಂಜಿಗದ ಇರುವೆಯೊಂದು ಕಚ್ಚಿತ್ತು. ಇಪ್ಪತ್ತೆರಡು ವರ್ಷ ಸೇವೆ ಮಾಡಿದ ಉದ್ಯಾನದ ಮಾಲಿ, ವಾರ್ಷಿಕ ತಪಾಸಣೆಗೆ ಬಂದ ಅಧಿಕಾರಿಯ ಎದುರು ಮೂರು ಸುತ್ತು ಕುಣಿದು, ಕೊನೆಗೆ ಅಂಗಿಯನ್ನೇ ಬಿಚ್ಚಿ ನಿಂತ.

ಅಧಿಕಾರಿ ತಲೆಯೆತ್ತಿ ನೋಡಿದರು. ಸಾಲಾಗಿ ನಿಂತ ಒಂಬತ್ತು ಕಿತ್ತಳೆ ಗಿಡಗಳಲ್ಲೂ ಎಲೆ ಹೊಲಿದು ಮಾಡಿದ ಇರುವೆಗೂಡು. ಇದು ಅಪ್ಪಟ ಸೋಮಾರಿತನವೆಂದು ತೀರ್ಮಾನಿಸಿ, ನಾಳೆಯೇ ಔಷಧಿ ಹೊಡೆಸುವುದಾಗಿಯೂ ಮಾಲಿಯನ್ನು ಊರಾಚೆಯ ನರ್ಸರಿಗೆ ವರ್ಗ ಮಾಡುವುದಾಗಿಯೂ ಹೇಳಿದರು.

"ಇಲ್ಲಿ ಇರುವೆಯೂ ಇರಬಾರದು, ನೀವೂ ಇರಬಾರದು."

ವರ್ಗವಾದರೆ ಉದ್ಯಾನದ ಹಿಂದಿನ ಎರಡು ಕೋಣೆಯ ಮನೆಯೂ ಕೈಬಿಡುತ್ತಿತ್ತು. ಅದರಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಹದಿನೈದು ದಿನಕ್ಕೆಂದು ಬಂದು ಆರು ವರ್ಷವಾದರೂ ಹೊರಡದ ಬಾಮೈದ. ಗಿಡಗಳ ಜೊತೆ ದಿನವಿಡೀ ಹರಟುವ ಮಾಲಿ ಮನುಷ್ಯರ ಮುಂದೆ ಮಾತಿಗೆ ಬಡವ. ಯಾವಾಗ ಹೊರಡುತ್ತೀಯೆಂದು ಬಾಮೈದನನ್ನು ಕೇಳಲು ಬಾಯಿ ಬಾರದೆ, ಆಗಾಗ ಅವನ ಚೀಲದ ಧೂಳನ್ನಷ್ಟೇ ಒರೆಸಿಡುತ್ತಿದ್ದ. ಈಗಲೂ ತಲೆ ತಗ್ಗಿಸಿ ಅಂಗಿಯ ಗುಂಡಿ ಹಾಕಿಕೊಂಡ. ಗಾಬರಿಯಲ್ಲಿ ಅದಕ್ಕೂ ಮನೆ ತಪ್ಪಿತು.

ಪುಣ್ಯಕ್ಕೆ ಅಧಿಕಾರಿಯ ಅತ್ತೆ ಅಲ್ಲೇ ವಾಕಿಂಗ್ ಮಾಡುತ್ತಿದ್ದರು. ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದ ಟೀಚರು. ಅಧಿಕಾರಿ ಅವರ ಮನೆಯಳಿಯ. ಅತ್ತೆ ಊರುಗೋಲೆತ್ತಿ ಪಾಠ ಶುರುಮಾಡಿದರು. ಮೇಲಿನ ಕೊಂಬೆಯ ಬಂದಳಿಕೆ ಗಿಡದ ರಸ ಹೀರಿಯೇ ಬದುಕುತ್ತದೆ, ಗಿಡಕ್ಕೆ ನಷ್ಟ. ಪಕ್ಕದಲ್ಲಿ ಗೂಡು ಕಟ್ಟಿದ ಹಕ್ಕಿಯಿಂದ ಗಿಡಕ್ಕೆ ಲಾಭವೂ ಇಲ್ಲ, ಲುಕ್ಸಾನೂ ಇಲ್ಲ. ಕೆಂಜಿಗವೋ, ಎಲೆಯಲ್ಲಿ ಮನೆ ಮಾಡಿಕೊಂಡು, ಕಾಯಿ ಕೆಡಿಸುವ ಹುಳುಗಳನ್ನು ಹಿಡಿದು ತಿನ್ನುತ್ತದೆ, ಇಬ್ಬರಿಗೂ ಲಾಭ. ದಾರಿಯಾಚೆ ಔಷಧಿ ಹೊಡೆಸಿಕೊಂಡ ಗಿಡಗಳ ಹಣ್ಣಲ್ಲೆಲ್ಲ ತೂತು, ಇಲ್ಲಿ ಒಂದಕ್ಕೂ ಗಾಯವಿಲ್ಲ.

"ಬಿಟ್ಟಿ ಬಿದ್ದಿದ್ದಾವೆ ಅಂದ್ಕೊಂಡ್ರಾ ಅಳಿಯಂದಿರೇ? ಇವು ಉಂಡ ಮನೆಗೆ ಕಾವಲೂ ಕಾಯ್ತವೆ. ಎಲ್ಲರೂ ಹಾಗಿರಲ್ಲ ಅನ್ನಿ."

ಅಳಿಯ ಕೆಮ್ಮಿದರು. ಬಂದಳಿಕೆಯ ಕಡೆ ಮಾತ್ರ ನೋಡಲಿಲ್ಲ.

ಅಷ್ಟರಲ್ಲಿ ಅತ್ತೆಯ ಕಣ್ಣು ಗಿಡದಿಂದ ಗಿಡಕ್ಕೆ ಬಿಗಿದಿದ್ದ ಹಗ್ಗದ ಮೇಲೆ ಬಿತ್ತು. ಅದರ ಮೇಲೆ ಕೆಂಜಿಗಗಳು ಸಾಲುಗಟ್ಟಿ ಓಡಾಡುತ್ತಿದ್ದವು. ನೆಲಕ್ಕಿಳಿದರೆ ಆಹಾರಕ್ಕಾಗಿ ಕರಿ ಇರುವೆಗಳ ಜೊತೆ ಜಗಳ. ಹಗ್ಗದ ಸೇತುವೆಯಿದ್ದರೆ ಒಂಬತ್ತು ಗಿಡವೂ ಒಂದೇ ರಾಜ್ಯ. ಇಷ್ಟು ತಲೆ ಓಡಿಸಿದವನನ್ನು ಎತ್ತಂಗಡಿ ಮಾಡುವುದೇ ಎಂದು ಅವರು ಗದರಿದ್ದೇ ತಡ, ಅಧಿಕಾರಿ ವರ್ಗದ ಮಾತು ಬಿಟ್ಟು ತಪಾಸಣೆ ಪುಸ್ತಕದಲ್ಲಿ ‘ಮಾದರಿ ಮಾಲಿ’ ಎಂದು ಬರೆದರು. ಮುಂದಿನ ಸಾಲಿಗೆ ಪೆನ್ನು ಹಿಡಿದು, ಮೊದಲ ಸಲ ಅವನನ್ನು ಗೌರವದಿಂದ ನೋಡಿದರು.

"ಈ ಹಗ್ಗ ಕಟ್ಟೋ ಉಪಾಯ ನಿಮಗೆ ಹೇಗೆ ಹೊಳೀತು?"

"ನನಗಲ್ಲ ಸಾರ್, ನಮ್ಮನೆಯವಳಿಗೆ," ಎಂದ ಮಾಲಿ. "ಬಟ್ಟೆ ಒಣಹಾಕೋಕೆ ಬೇರೆ ಜಾಗ ಇಲ್ಲ."