ಕಳಿಸದೇ ಇಟ್ಟ ವೇರಾ ಅವರ ಕಾಗದ

ವೇರಾ ಅವರೇ, ನಿಮ್ಮ ಕಾಗದವನ್ನು ನಾನು ಕಳಿಸಿಯೇ ಇರಲಿಲ್ಲ. ಕಳಿಸಿದ್ದೇನೆ ಎಂದದ್ದು ಸುಳ್ಳು. ಉತ್ತರ ಬಂದಿಲ್ಲ ಎಂದದ್ದು ಮಾತ್ರ ನಿಜ — ಕಳಿಸದ ಕಾಗದಕ್ಕೆ ಉತ್ತರ ಎಲ್ಲಿಂದ ಬರಬೇಕು? ನೀವೀಗ ಇಲ್ಲ. ಇದ್ದಾಗ ಹೇಳುವ ಧೈರ್ಯ ನನಗಿರಲಿಲ್ಲ.

ಈ ಐರಿಷ್ ಊರು ಮೇನೂತ್‌ನಲ್ಲಿ ನಮ್ಮ ಪಕ್ಕದ ಮನೆ ನಿಮ್ಮದು. ಬೊಹೀಮಿಯಾದಿಂದ ಬಂದು ನಲವತ್ತು ವರ್ಷ ಇಲ್ಲಿನ ಮಕ್ಕಳಿಗೆ ಪಿಯಾನೊ ಕಲಿಸಿದವರು ನೀವು. ನಿಮ್ಮೂರಿನ ಯೋಸೆಫ್ ಎಂಬ ಸಂಗೀತಗಾರನ ಜೀವನಚರಿತ್ರೆ ಬರೆಯುತ್ತಿದ್ದಿರಿ. ಇನ್ನೂರು ವರ್ಷದ ಹಿಂದಿನವನು, ಶಾಲೆಯ ಮೇಷ್ಟರ ಮಗ. ಜಮೀನ್ದಾರನ ಮನೆಯಲ್ಲಿ ಮಧ್ಯಾಹ್ನ ಊಟ ಬಡಿಸಿ, ಸಂಜೆ ಅದೇ ಸಮವಸ್ತ್ರದಲ್ಲಿ ಪಿಟೀಲು ನುಡಿಸಿದವನು. ಅವನು ರಚಿಸಿದ್ದೆಲ್ಲ ಕಂಡವರ ಹೆಸರಿಗೆ ಹೋಯಿತು ಎಂದು ನೀವು ಸಿಟ್ಟಾಗುತ್ತಿದ್ದಿರಿ, ಸ್ವಂತ ಅಣ್ಣನಿಗೇ ಮೋಸವಾದ ಹಾಗೆ. ಅವನದೆಂದು ನೀವು ನಂಬಿದ್ದ ಒಂದು ಪ್ರಾರ್ಥನಾ ಸಂಗೀತದ ಹಸ್ತಪ್ರತಿ ಆ ಊರಿನ ದಾಖಲೆ ಕಚೇರಿಯಲ್ಲಿತ್ತು. ಅಕ್ಷರ ಅವನದೇ ಎಂದು ಕಚೇರಿಯವರು ಒಪ್ಪಿದರೆ ನಿಮ್ಮ ಪುಸ್ತಕ ಮುಗಿಯುತ್ತಿತ್ತು.

ಲಾಕ್‌ಡೌನ್‌ನಲ್ಲಿ ನಿಮ್ಮ ಕಣ್ಣಿನ ಆಪರೇಷನ್ ಮುಂದೆ ಹೋಯಿತು. ಕಂಪ್ಯೂಟರ್ ಕಾಣದೆ, ಆ ಕಚೇರಿಗೆ ಕೈಯಲ್ಲೇ ಕಾಗದ ಬರೆದು ಗೋಡೆಯಾಚೆಯಿಂದ ಚಾಚಿದಿರಿ. ನಾನು ಫೋಟೊ ತೆಗೆದು ಈಮೇಲ್ ಮಾಡಬೇಕಿತ್ತು, ಅಷ್ಟೇ.

"ಇನ್ನೂ ಕಳ್ಸಿಲ್ವಾ? ಐದ್ ನಿಮಿಷದ ಕೆಲ್ಸ ಕಣೇ," ಎಂದರು ನನ್ನ ಗಂಡ.

ಪುರುಸೊತ್ತಿರಲಿಲ್ಲ ಎನ್ನಲಾರೆ. ಗಂಟೆಗಟ್ಟಲೆ ಸೀರಿಯಲ್ ನೋಡುತ್ತಿದ್ದೆ. ಜನ ಸಾಯುತ್ತಿರುವಾಗ ಯಾವನೋ ಊಳಿಗದವನ ಅಕ್ಷರ ಯಾರಿಗೆ ಬೇಕು ಎಂದು — ಹೌದು, ಒಳಗೊಳಗೇ ನಕ್ಕು ಡ್ರಾಯರಿಗೆ ಹಾಕಿದೆ. ನಿಮ್ಮ ಜೀವಮಾನದ ಕೆಲಸಕ್ಕೆ ನಕ್ಕೆ.

"ಏನಾದ್ರೂ ಬಂತಾ?" ಪ್ರತಿ ಶುಕ್ರವಾರ ಗೋಡೆಯಾಚೆ ನಿಂತು ಕೇಳುತ್ತಿದ್ದಿರಿ.

"ಕೊರೊನಾ ಅಲ್ವಾ, ಆಫೀಸೇ ಮುಚ್ಚಿದಾರಂತೆ."

"ಗ್ರ್ಯಾಂಡ್, ಪರವಾಗಿಲ್ಲ. ಪಾಪ, ಅವರಿಗೂ ಕಷ್ಟ. ಕಾಯ್ತೀನಿ."

ಎಂಟು ತಿಂಗಳು ಕಾದಿರಿ. ಆ ಚಳಿಗಾಲದಲ್ಲಿ ನಿಮಗೇ ಜ್ವರ ಬಂತು. ಆಸ್ಪತ್ರೆಯಿಂದ ಒಮ್ಮೆ ಫೋನ್ ಮಾಡಿದಿರಿ. ಮಾತಿಗಿಂತ ಉಸಿರೇ ಹೆಚ್ಚು ಕೇಳುತ್ತಿತ್ತು. "ಪತ್ರ ಬಂದ್ರೆ... ಫೋನಲ್ಲೇ ಓದಿ ಹೇಳು." ಆಗಲೂ ನಾನು — ಆಗಲಿ ಎಂದೆ. ಕಾಗದ ನನ್ನಿಂದ ಮೂರು ಮಾರು ದೂರದ ಡ್ರಾಯರಿನಲ್ಲಿತ್ತು.

ಐದು ದಿನಕ್ಕೆ ನೀವು ಹೋದಿರಿ. ಅಂತ್ಯಕ್ರಿಯೆಗೆ ಹತ್ತೇ ಜನ ಎಂದಿದ್ದರಿಂದ ನಾನು ಲ್ಯಾಪ್‌ಟಾಪಿನಲ್ಲಿ ನೋಡಿದೆ. ಅದು ಮುಗಿದ ಮೇಲೆ ಫೋಟೊ ತೆಗೆದು ಕಳಿಸಿದೆ. ಐದು ನಿಮಿಷವೂ ಹಿಡಿಯಲಿಲ್ಲ.

ಮೂರನೇ ದಿನ ಉತ್ತರ ಬಂತು. ಬೇಸಿಗೆಯಿಂದಲೂ ಅವರು ಬಾಗಿಲು ತೆರೆದೇ ಇಟ್ಟಿದ್ದರಂತೆ. ಅಕ್ಷರ ಯೋಸೆಫನದೇ, ಸಂಶಯವಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಪುಸ್ತಕ ಯಾವಾಗ ಬರುತ್ತದೆ ಎಂದು ನಿಮ್ಮನ್ನೇ ಕೇಳಿದ್ದರು. ಅಡುಗೆಮನೆಯಲ್ಲಿ ನಿಂತೇ ಗಟ್ಟಿಯಾಗಿ ಓದಿದೆ. ಕೇಳಬೇಕಾದವರು ಇರಲಿಲ್ಲ. ಅತ್ತುಬಿಟ್ಟೆ.

ಇವತ್ತು ಆ ಕಚೇರಿಯವರಿಗೆ ಬರೆಯುತ್ತಿದ್ದೇನೆ. ನೀವು ತೀರಿಕೊಂಡಿರಿ ಎಂದು, ಈ ಪ್ರಶ್ನೆಯನ್ನು ಎಂಟು ತಿಂಗಳ ಹಿಂದೆಯೇ ಕೇಳಿದ್ದಿರಿ ಎಂದು, ಅದನ್ನು ತಡೆದದ್ದು ಕೊರೊನಾ ಅಲ್ಲ, ಪಕ್ಕದ ಮನೆಯವಳಾದ ನಾನು ಎಂದು.